ಧಣಿ ಹೊರಟುಹೋದ ಮೇಲೆ ಓಡಿದ ಕಾರು

ಹೋಟೆಲ್ ಉದ್ಯಮದಲ್ಲಿ ದುಡಿದವರಿಗೆಲ್ಲ ತಿಳಿದಿರುವ ಸಂಗತಿಯೊಂದುಂಟು. ಧಣಿಯು ಬಂಡವಾಳವನ್ನು ಹಿಂತೆಗೆದ ದಿನ ಬೋರ್ಡು ಕೆಳಗಿಳಿಯುತ್ತದೆ. ಆದರೆ ಭಟ್ಟರ ಕೈಯ ಹದವೂ ಮಾಣಿಯ ಚುರುಕೂ ಧಣಿಯೊಂದಿಗೆ ಹೊರಟುಹೋಗುವುದಿಲ್ಲ. ಉಳಿದವರು ಹಳೆಯ ಪಾತ್ರೆಗಳಿಂದಲೇ ಮತ್ತೆ ಒಲೆ ಹೊತ್ತಿಸಿದರೆ ಏನಾದೀತು? 2013ನೆಯ ಇಸವಿಯಲ್ಲಿ ಮೋಟಾರು ಪಂದ್ಯಗಳ ಜಗತ್ತು ಅಂಥದೊಂದು ಸಾಹಸವನ್ನು ಕಂಡಿತು.

ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಎಂಬ ಸ್ಪರ್ಧೆಯಲ್ಲಿ ಓಡುತ್ತಿದ್ದವು ಅಂಗಡಿಯಲ್ಲಿ ಮಾರಾಟವಾಗುವ ಕಾರುಗಳ ರೂಪದವೇ. ಒಳಗಿನ ಯಂತ್ರ ಮಾತ್ರ ಬೇರೆ. ಷೆವರ್ಲೆ ಕಂಪನಿಯು 2005ರಿಂದ ಇದರಲ್ಲಿ ಭಾಗವಹಿಸಿತ್ತು. ಹೆಸರೂ ಹಣವೂ ಕಂಪನಿಯದು. ಕಾರುಗಳನ್ನು ಕಟ್ಟಿ ಓಡಿಸುವ ಹೊಣೆಯೆಲ್ಲ ಇಂಗ್ಲೆಂಡಿನ ವೆಲ್ಲಿಂಗ್‌ಬರೋ ಊರಿನ ಆರ್.ಎಂ.ಎಲ್. ಎಂಬ ಕಾರ್ಯಾಗಾರದ್ದು. ರೇ ಮ್ಯಾಲಕ್ ಎಂಬ ಚಾಲಕರು 1984ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು. 2010ರಿಂದ ಮೂರು ವರ್ಷ ಸತತವಾಗಿ ಚಾಲಕರ ಪ್ರಶಸ್ತಿಯೂ ತಯಾರಕರ ಪ್ರಶಸ್ತಿಯೂ ಇವರ ಪಾಲಾದವು. 2012ರಲ್ಲಂತೂ ಮೊದಲ ಮೂರು ಸ್ಥಾನಗಳೂ ಷೆವರ್ಲೆಯ ಮೂವರು ಚಾಲಕರಿಗೇ ಸಂದವು.

ಅದೇ ವರ್ಷದ ನಡುವೆ ಕಂಪನಿಯು ತಾನು ಸ್ಪರ್ಧೆಯಿಂದ ನಿವೃತ್ತವಾಗುವುದಾಗಿ ಸಾರಿಬಿಟ್ಟಿತು. ಗೆಲ್ಲುತ್ತಿರುವಾಗಲೇ ಕೈಬಿಡುವುದೆಂದರೆ ವ್ಯಾಪಾರದ ಲೆಕ್ಕವೇ ಬೇರೆಯೆಂದು ತಿಳಿಯಬೇಕು! ಆ ವರ್ಷದ ವಿಶ್ವವಿಜೇತರಾದ ರಾಬ್ ಹಫ್ ಅವರೇ ಮರುವರ್ಷ ಜರ್ಮನಿಯ ಖಾಸಗಿ ತಂಡವೊಂದರ ಸಿಯಾಟ್ ಕಾರನ್ನು ಆಶ್ರಯಿಸಬೇಕಾಯಿತು.

ಆರ್.ಎಂ.ಎಲ್. ಮಾತ್ರ ಬಾಗಿಲು ಮುಚ್ಚಲಿಲ್ಲ. ಹಳೆಯ ಕ್ರೂಜ್ ಕಾರುಗಳನ್ನೇ ಸ್ವಂತ ಹೆಸರಿನಲ್ಲಿ ಪಂದ್ಯಕ್ಕಿಳಿಸಿತು. ಒಂದನ್ನು ಫ್ರಾನ್ಸಿನ ಇವಾನ್ ಮುಲ್ಲರ್, ಇನ್ನೊಂದನ್ನು ಇಂಗ್ಲೆಂಡಿನ ಟಾಮ್ ಚಿಲ್ಟನ್ ನಡೆಸಿದರು. ಎದುರಿಗಿದ್ದವರು ಕಂಪನಿಗಳ ಪೂರ್ಣ ಬೆಂಬಲವಿದ್ದ ಹೋಂಡಾ ಮತ್ತು ಲಾಡಾ ತಂಡಗಳು.

ನಿಯಮಗಳೂ ಬಲಶಾಲಿಗೆ ಅನುಕೂಲವಾಗಿರಲಿಲ್ಲ. ವೇಗವಾಗಿ ಓಡುವ ಮಾದರಿಯ ಕಾರಿಗೆ ಹೆಚ್ಚಿನ ತೂಕ ಹೊರಿಸುತ್ತಿದ್ದರು. ಒಂದೊಂದು ಊರಿನಲ್ಲಿ ಎರಡೆರಡು ಪಂದ್ಯಗಳು. ಎರಡನೆಯದರಲ್ಲಿ ಅರ್ಹತಾ ಓಟದ ಮೊದಲ ಹತ್ತು ಮಂದಿಯನ್ನು ತಿರುಗುಮುರುಗಾಗಿ ನಿಲ್ಲಿಸುವರು. ಹತ್ತನೆಯವನಿಗೆ ಮೊದಲ ಸ್ಥಾನ, ಮೊದಲನೆಯವನಿಗೆ ಹತ್ತನೆಯದು. ಹೀಗಿರುವಲ್ಲಿ ಒಂದು ದಿನದ ಮಿಂಚಿನಿಂದ ಪ್ರಯೋಜನವಿಲ್ಲ. ಗೆಲ್ಲಲಾಗದ ದಿನ ಮೂರನೆಯ ಅಥವಾ ನಾಲ್ಕನೆಯ ಸ್ಥಾನದ ಅಂಕವನ್ನಾದರೂ ಗಂಟು ಕಟ್ಟಬೇಕು. ನಲವತ್ತು ದಾಟಿದ್ದ ಮುಲ್ಲರರಿಗೆ ಈ ವಿದ್ಯೆ ಕರಗತವಾಗಿತ್ತು. ಇಟಲಿಯ ಮೊಂಜಾದಲ್ಲಿ ಮೊದಲ ಪಂದ್ಯವನ್ನೇ ಗೆದ್ದ ಅವರು ಆಮೇಲೆ ಹಿಂದೆ ಬೀಳಲಿಲ್ಲ. ಮೊರಾಕ್ಕೊ, ರಷ್ಯಾ, ಅರ್ಜೆಂಟೀನಾಗಳನ್ನು ಸುತ್ತಿ, ಸೆಪ್ಟೆಂಬರಿನಲ್ಲಿ ಜಪಾನಿನ ಸುಜುಕಾಕ್ಕೆ ಬರುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ಇನ್ನೂ ಶಾಂಘೈ, ಮಕಾವ್ ಎರಡು ಊರುಗಳ ಪಂದ್ಯಗಳು ಬಾಕಿಯಿರುವಾಗಲೇ ನಾಲ್ಕನೆಯ ವಿಶ್ವಪ್ರಶಸ್ತಿ ಅವರದಾಯಿತು. ಸುಜುಕಾ ಪಥವು ಹೋಂಡಾ ಕಂಪನಿಯದೇ ಎಂಬುದನ್ನು ವಾಚಕರು ಗಮನಿಸಬೇಕು!

ಇಷ್ಟಾದರೂ ತಯಾರಕರ ಪ್ರಶಸ್ತಿ ಆ ವರ್ಷ ಹೋಂಡಾದ ಪಾಲಾಯಿತು. ಕಣದಲ್ಲಿ ಷೆವರ್ಲೆ ಎಂಬ ತಯಾರಕನೇ ಇಲ್ಲದಿರುವಾಗ ಕ್ರೂಜ್ ಗಳಿಸಿದ ಜಯಗಳನ್ನು ಆ ಪಟ್ಟಿಯಲ್ಲಿ ಯಾರ ಹೆಸರಿಗೆ ಬರೆಯುವುದು?

ಬರಿಗೈಯಲ್ಲಿ ಗೆದ್ದರೆಂದು ಹೊಗಳುವವರ ಮಾತನ್ನು ನಾವು ಪೂರ್ತಿ ಒಪ್ಪಲಾರೆವು. ಕಂಪನಿಯ ಹಣದಿಂದಲೇ ಪಕ್ವವಾಗಿದ್ದ ಕಾರು ಅವರ ಕೈಯಲ್ಲಿತ್ತು. ಹೋಂಡಾದವರಾದರೋ ಹೊಸ ಕಾರನ್ನು ಇನ್ನೂ ಪಳಗಿಸುತ್ತಿದ್ದರು. ಆದರೆ ಹಳೆಯ ಬಂಡವಾಳ ಒಂದು ವರ್ಷಕ್ಕೆ ಸಾಲುತ್ತದೆ, ಎರಡನೆಯ ವರ್ಷಕ್ಕಲ್ಲ. 2014ರಲ್ಲಿ ನಿಯಮಗಳು ಬದಲಾದವು, ಹಳೆಯ ಕ್ರೂಜ್‌ಗಳ ಕಾಲ ಮುಗಿಯಿತು. ಮುಲ್ಲರರು ಸಿಟ್ರೊಯೆನ್ ಕಂಪನಿಯ ತಂಡವನ್ನು ಸೇರಿದರು. ಅಲ್ಲಿ ಜೊತೆಗಾರ ಹೋಸೆ ಮರಿಯಾ ಲೋಪೆಸ್ ಅವರಿಗೆ ಸೋತು ಎರಡನೆಯವರಾದರು. ಆರ್.ಎಂ.ಎಲ್. ಹೊಸ ನಿಯಮಕ್ಕೆ ತಕ್ಕ ಕ್ರೂಜ್‌ಗಳನ್ನು ಕಟ್ಟಿ, ಬೇರೆ ಖಾಸಗಿ ತಂಡಗಳಿಗೆ ಮಾರಿತು.