ವ್ಯವಹಾರ ಪತ್ರಗಳಲ್ಲಿ ಸಹಜ ಇಂಗ್ಲಿಷ್

ಸೋಲದೇವನಹಳ್ಳಿ, ಪೀಣ್ಯ ಭಾಗದ ಸಣ್ಣ ಉದ್ಯಮಿಗಳು ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಪದಗಳ ಆಯ್ಕೆಯಲ್ಲಿ ಎಚ್ಚರ ವಹಿಸುವುದು ಅಗತ್ಯ. ಕನ್ನಡದ 'ಸಂದೇಹ'ಕ್ಕೆ ವಿವರಣೆ ಬೇಕೆಂಬ ಅರ್ಥವೂ ಉಂಟು. ಅದನ್ನೇ 'ಡೌಟ್' ಎಂದು ಬರೆದರೆ, ಲಂಡನ್ನಿನ ಖರೀದಿದಾರನು ತನ್ನ ಪ್ರಾಮಾಣಿಕತೆಯನ್ನೇ ಶಂಕಿಸಲಾಗಿದೆಯೆಂದು ಭಾವಿಸಬಹುದು. 'ಕ್ವೆರಿ' ಎಂಬುದೇ ಸಹಜ. 'ರಿವರ್ಟ್' ಎಂಬುದಕ್ಕೆ ಅಲ್ಲಿ ಹಿಂದಿನ ಸ್ಥಿತಿಗೆ ಮರಳುವುದೆಂಬ ಅರ್ಥವೇ ಪ್ರಧಾನ. ಹೊಸ ದರದ ಬಗ್ಗೆ 'ಪ್ಲೀಸ್ ರಿವರ್ಟ್' ಎಂದರೆ ಹಳೆಯ ದರಕ್ಕೇ ಹಿಂತಿರುಗಿರೆಂದಂತೆ ತೋರೀತು!

ಇವೆಲ್ಲಕ್ಕಿಂತ ದುಬಾರಿಯಾದದ್ದು, ಕಚೇರಿಗಳಿಂದ ಬಳುವಳಿಯಾಗಿ ಬಂದ 'ಡೂ ದ ನೀಡ್‌ಫುಲ್'. ವ್ಯಾಕರಣದೋಷವಿಲ್ಲ, ಆದರೆ ಏನು ಮಾಡಬೇಕೆಂಬುದನ್ನೇ ಅದು ಹೇಳದು. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ನೋಂದಾಯಿತ ಸೂಕ್ಷ್ಮ, ಸಣ್ಣ ಪೂರೈಕೆದಾರರಿಗೆ ದೇಶೀಯ ಖರೀದಿದಾರರು ಹಣ ಪಾವತಿಸುವ ಅವಧಿ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. ಆ ಬಾಕಿಯನ್ನು ಕೇಳುವ ಪತ್ರದಲ್ಲಿ ಇನ್‌ವಾಯ್ಸ್ ಸಂಖ್ಯೆ, ಮೊತ್ತ, ದಿನಾಂಕಗಳನ್ನು ನಮೂದಿಸಿ 'ಪ್ಲೀಸ್ ಪೇ' ಎಂದೇ ಬರೆಯತಕ್ಕದ್ದು.