ಹೆಸರಾಗದ ಚೌಕಟ್ಟುಗಳು

ಅಫಜಲಪುರ ತಾಲೂಕಿನ ಹವಳಗಾದಂಥ ಊರಿನಿಂದ ಕಲಬುರ್ಗಿಗೆ ಬಂದು ಗಣಕಯಂತ್ರದ ವಿದ್ಯೆ ಕಲಿಯುವ ತರುಣನು ಯಾವ ಫ್ರೇಮ್‌ವರ್ಕನ್ನು ಅಭ್ಯಸಿಸಲಿ ಎಂದು ಕೇಳಿದರೆ, ಅವನಿಗೆ ದೊರೆಯುವ ಉತ್ತರವು ಬಹುಮಟ್ಟಿಗೆ ಒಂದೇ: ಎಲ್ಲರೂ ಕಲಿಯುವುದನ್ನು ಕಲಿ. ರಿಯಾಕ್ಟ್, ಆ್ಯಂಗ್ಯುಲರ್, ಜಾಂಗೋ ಇವುಗಳ ಹೊರಗಿನ ಹೆಸರನ್ನು ಅರ್ಜಿಯಲ್ಲಿ ಕಂಡ ಉದ್ಯೋಗದಾತರು ಹುಬ್ಬುಗಂಟಿಕ್ಕುವರೆಂಬ ಭೀತಿಯು ತರುಣರಲ್ಲಿ ಬೇರೂರಿದೆ. ಈ ಭೀತಿಯು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಅದಕ್ಕೆ ತಕ್ಕುದಕ್ಕಿಂತ ಹೆಚ್ಚಿನ ಮನ್ನಣೆ ಸಲ್ಲುತ್ತಲಿದೆ.

ಪ್ರತಿಯೊಂದು ಜಾಲತಾಣಕ್ಕೂ ಬೇಕಾಗುವ ಸಾಮಾನ್ಯ ಕೆಲಸಗಳನ್ನು ಮೊದಲೇ ಮಾಡಿಟ್ಟುಕೊಟ್ಟ ಸಿದ್ಧ ಚೌಕಟ್ಟೇ ಫ್ರೇಮ್‌ವರ್ಕು. ಇಂದು ಜಗತ್ಪ್ರಸಿದ್ಧವಾದ ಜಾಂಗೋ ಹುಟ್ಟಿದ್ದು ಯಾವ ಮಹಾನಗರದಲ್ಲಿಯೂ ಅಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ, ಸುದ್ದಿಯ ಗಡುವಿಗೆ ಸರಿಯಾಗಿ ಪುಟಗಳನ್ನು ಅಣಿಗೊಳಿಸಲೆಂದು 2003ರಲ್ಲಿ ಅದರ ರಚನೆಯು ಆರಂಭವಾಗಿ, 2005ರಲ್ಲಿ ಅದು ಲೋಕಕ್ಕೆ ಬಿಡುಗಡೆಯಾಯಿತು. (ಪತ್ರಿಕಾವೃತ್ತಿಯವರಾದ ನಮಗೆ ಇದರಲ್ಲಿ ತುಸು ಅಭಿಮಾನವೂ ಉಂಟು.) ಅಂದು ಅದರ ಹೆಸರನ್ನು ಬಲ್ಲವರು ಬೆರಳೆಣಿಕೆಯವರು.

ನಮ್ಮ ನಾಡಿಗೆ ಹತ್ತಿರದ ನಿದರ್ಶನವು ವೆಬ್.ಪೈ. ಆರನ್ ಸ್ವಾರ್ಟ್ಸ್ ಇದನ್ನು 2006ರಲ್ಲಿ ಹೊರತಂದು ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಟ್ಟರು. ಬಹುಕಾಲ ಅದನ್ನು ಪೋಷಿಸಿದವರು ಬೆಂಗಳೂರಿನ ಆನಂದ್ ಚಿಟಿಪೋತು ಅವರು. ಸ್ವಾರ್ಟ್ಸ್ 2013ರಲ್ಲಿ ತೀರಿಕೊಂಡರು. ಉದ್ಯೋಗದ ಜಾಹೀರಾತುಗಳಲ್ಲಿ ಈ ಹೆಸರು ಕಾಣುವುದು ಅಪರೂಪ. ಆದರೂ ಎರಡು ಕೋಟಿಗೂ ಮೀರಿದ ಪುಸ್ತಕಗಳ ವಿವರವುಳ್ಳ ಇಂಟರ್‌ನೆಟ್ ಆರ್ಕೈವಿನ ಓಪನ್ ಲೈಬ್ರರಿಯು ಇದರ ಮೇಲೆಯೇ ನಿಂತಿದೆ. ಹಳೆಯ ಕನ್ನಡ ಗ್ರಂಥವನ್ನು ಅರಸಿ ಅಲ್ಲಿಗೆ ಹೋಗುವ ವಾಚಕನಿಗೆ ಬೇಕಾದುದು ಗ್ರಂಥವೇ ಹೊರತು ಚೌಕಟ್ಟಿನ ಹೆಸರಲ್ಲ.

ಖ್ಯಾತಿಯಾದರೂ ಶಾಶ್ವತವೇ? ಗೂಗಲ್ ಸಂಸ್ಥೆಯ ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂದು ಎಲ್ಲೆಡೆ ಹರಡಿತು. 2016ರಲ್ಲಿ ಬಂದ ಹೊಸ ಆವೃತ್ತಿಯು ಹಳೆಯದಕ್ಕೆ ಹೊಂದಲಿಲ್ಲ. 2021ರ ಅಂತ್ಯಕ್ಕೆ ಹಳೆಯದರ ಬೆಂಬಲವೇ ನಿಂತಿತು. ಹೆಸರನ್ನು ನಂಬಿ ಕಟ್ಟಿದವರು ಪುನಃ ಕಟ್ಟಬೇಕಾಯಿತು.

ಹೆಸರಾದುದಕ್ಕೆ ಅನುಕೂಲವಿಲ್ಲವೆಂದಲ್ಲ. ತೊಡಕು ಬಂದಾಗ ಕೇಳಲು ಸಾವಿರ ಜನರಿರುತ್ತಾರೆ. ಒಬ್ಬ ನೌಕರನು ಬಿಟ್ಟುಹೋದರೆ ಮತ್ತೊಬ್ಬನು ದೊರೆಯುತ್ತಾನೆ. ಭದ್ರತೆಯ ಲೋಪಗಳು ಬೇಗ ಬಯಲಾಗುತ್ತವೆ. ಒಬ್ಬನೇ ಪೋಷಕನುಳ್ಳ ಚೌಕಟ್ಟನ್ನು ಸರಕಾರಿ ಖಜಾನೆಯ ಲೆಕ್ಕಕ್ಕೆ ಬಳಸೆಂದು ನಾವು ಎಂದಿಗೂ ಹೇಳೆವು. ಆದರೆ ತೊಗರಿಯ ಬೀಜವನ್ನು ಕೊಳ್ಳುವ ನಮ್ಮ ಭಾಗದ ರೈತನು ನೆರೆಯವನು ಬಿತ್ತಿದುದನ್ನು ನೋಡುವಂತೆಯೇ ತನ್ನ ಹೊಲದ ಮಣ್ಣನ್ನೂ ನೋಡುತ್ತಾನೆ. ಅಷ್ಟು ವಿವೇಚನೆಯನ್ನು ಕಚೇರಿಗಳಿಂದ ನಿರೀಕ್ಷಿಸುವುದು ಅತಿಯಾಗಲಾರದು.

ಟೆಂಡರಿನಲ್ಲಿಯೂ ನೇಮಕಾತಿಯ ಪ್ರಕಟಣೆಯಲ್ಲಿಯೂ ಚೌಕಟ್ಟಿನ ಹೆಸರನ್ನು ಬರೆಯುವ ಅಧಿಕಾರಿಗಳು ಅದರ ಬದಲು ಮಾಡಬೇಕಾದ ಕೆಲಸವನ್ನು ಬರೆಯಲಿ: ಎಷ್ಟು ಜನರು ಬಳಸುವರು, ಎಷ್ಟು ವರುಷ ಬಾಳಬೇಕು, ಕನ್ನಡದಲ್ಲಿ ಹುಡುಕಲು ಬರಬೇಕೇ. ಅಭ್ಯರ್ಥಿಯನ್ನು ಕರೆದು, ಒಂದು ಸಣ್ಣ ತಾಣವನ್ನು ಕಟ್ಟಿ ತೋರಿಸೆಂದು ಕೇಳಲಿ.