ಮೂಲವನ್ನರಿಯದೆ ಅನುವಾದವನ್ನು ತೂಗುವ ಬಗೆ

ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತವನು ನಾನಲ್ಲ. ಆದರೂ ಬೈಬಲ್ಲಿನ ಅನುವಾದಗಳನ್ನು ಅನೇಕ ವರ್ಷಗಳಿಂದ ಕುತೂಹಲದಿಂದ ಓದುತ್ತ ಬಂದಿದ್ದೇನೆ. ಮೂಲ ಬಾರದವನು ಅನುವಾದದ ನಿಷ್ಠೆಯನ್ನು ಅಳೆಯುವುದೆಂತು ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದುದುಂಟು. ಧರ್ಮಗ್ರಂಥದ ವಿಷಯದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಅಲ್ಲಿ ಒಂದು ಶಬ್ದವನ್ನು ನೆಚ್ಚಿ ಒಂದು ನಂಬಿಕೆಯೇ ನಿಂತಿರಬಹುದು.

ನಾನು ಕಂಡುಕೊಂಡ ದಾರಿ ಸರಳವಾದದ್ದು. ಮೂರು ನಾಲ್ಕು ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಳ್ಳಬೇಕು. ಅವು ಕವಲೊಡೆಯುವ ಕಡೆಯಲ್ಲೆಲ್ಲ ಹುಡುಕಬೇಕಾದ ಗಂಟೊಂದು ಇದ್ದೇ ಇರುತ್ತದೆ.

ಯೆಶಾಯನ ಗ್ರಂಥದ 7ನೆಯ ಅಧ್ಯಾಯದ 14ನೆಯ ವಚನವನ್ನೇ ನೋಡಿ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಮಗುವನ್ನು ಹೆರಲಿರುವವಳು ಪುರುಷಸಂಪರ್ಕವಿಲ್ಲದ ಕನ್ನಿಕೆ. 1952ರ ಪರಿಷ್ಕೃತ ಆವೃತ್ತಿಯಲ್ಲಿ ಬರಿಯ ತರುಣಿ. ಅಮೆರಿಕದ ಉತ್ತರ ಕೆರೊಲಿನಾದ ಪಾದ್ರಿಯೊಬ್ಬರು ಆ ವರ್ಷವೇ ಆ ಪುಟವನ್ನು ಬಹಿರಂಗವಾಗಿ ಸುಟ್ಟರು. ಹೀಬ್ರೂವಿನ 'ಅಲ್ಮಾ' ಎಂಬ ಶಬ್ದಕ್ಕೆ ಹರೆಯದ ಹೆಣ್ಣು ಎಂದಷ್ಟೇ ಅರ್ಥ. ಕ್ರಿಸ್ತನಿಗಿಂತ ಹಿಂದೆಯೇ ಆದ ಗ್ರೀಕ್ ಅನುವಾದ ಅದನ್ನು 'ಪಾರ್ಥೆನೊಸ್' ಎಂದಿತು. ಮತ್ತಾಯನ ಸುವಾರ್ತೆ ಹಿಡಿದದ್ದು ಆ ಗ್ರೀಕ್ ಮಾತನ್ನು. ಕನ್ನಡದಲ್ಲಿ 'ಕನ್ಯೆ' ಎಂದುಬಿಟ್ಟರೆ ಜಗಳ ಕಾಣಿಸುವುದೇ ಇಲ್ಲ! ಮದುವೆಗೆ ಕನ್ಯೆ ನೋಡಲು ಹೋಗುವವರು ನಾವು. ಎರಡೂ ಅರ್ಥಗಳು ಆ ಒಂದು ಮಾತಿನಲ್ಲಿ ಹುದುಗಿವೆ.

ಇನ್ನು ಕೆಲವು ಕವಲುಗಳಿಗೆ ಅನುವಾದಕ ಹೊಣೆಯಲ್ಲ. ಯೋಹಾನನ ಮೊದಲ ಪತ್ರದ 5ನೆಯ ಅಧ್ಯಾಯದಲ್ಲಿ ತ್ರಯೈಕ್ಯವನ್ನು ಸಾರುವ ಮಾತು 1611ರಲ್ಲಿದೆ, 1881ರ ಪರಿಷ್ಕರಣದಲ್ಲಿಲ್ಲ. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು ಇಲ್ಲದಿರುವುದೇ ಕಾರಣ. ಪಂಪನ ಪಾಠಾಂತರಗಳೊಡನೆ ಹೆಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡವನ್ನು ಚೆನ್ನಾಗಿ ಬಲ್ಲವನಿಗೆ ಮತ್ತೊಂದು ಅಳತೆಗೋಲೂ ಉಂಟು. ಪೇತ್ರನೂ ಅಂದ್ರೆಯನೂ ಒಡಹುಟ್ಟಿದವರೆಂದು ಸುವಾರ್ತೆ ಹೇಳುತ್ತದೆ. ಹಿರಿಯನಾರು, ಕಿರಿಯನಾರು ಎಂಬುದನ್ನು ಅಲ್ಲಿನ ಗ್ರೀಕ್ ಶಬ್ದ ಹೇಳುವುದಿಲ್ಲ. ಅನುವಾದಕ 'ತಮ್ಮ' ಎಂದು ಬರೆದರೆ ಮೂಲದಲ್ಲಿಲ್ಲದ ಸಂಗತಿಯೊಂದನ್ನು ತಾನೇ ತೀರ್ಮಾನಿಸಿದಂತಾಯಿತು. 'ಸಹೋದರ' ಎಂದರೆ ಸಂಸ್ಕೃತದ ಮರೆಯಲ್ಲಿ ನಿಂತು ತಪ್ಪಿಸಿಕೊಂಡಂತೆ. ಯೇಸುವನ್ನು 'ಅವನು' ಎನ್ನಬೇಕೆ, 'ಆತನು' ಎನ್ನಬೇಕೆ, 'ಅವರು' ಎನ್ನಬೇಕೆ? ಗ್ರೀಕಿನಲ್ಲಿ ಈ ಮೆಟ್ಟಿಲುಗಳಿಲ್ಲ. ನಮ್ಮ ಅನುವಾದಕರು ಆಯ್ದುಕೊಂಡ 'ಆತನು' ನನ್ನ ಕಿವಿಗೆ ಹಿತವಾಗಿಯೇ ಇದೆ. ಆದರೂ ಆ ಗೌರವದ ಅಳತೆ ಕನ್ನಡದ್ದು, ಮೂಲದ್ದಲ್ಲ.

ಅನುವಾದಗಳೆಲ್ಲ ಒಂದೇ ದನಿಯಲ್ಲಿ ನುಡಿದಾಗಲೂ ಎಚ್ಚರ ತಪ್ಪಬಾರದು. ಸೀನಾಯಿ ಬೆಟ್ಟದಿಂದಿಳಿದು ಬಂದ ಮೋಶೆಯ ಮುಖವನ್ನು ಬಣ್ಣಿಸುವ ಹೀಬ್ರೂ ಕ್ರಿಯಾಪದಕ್ಕೂ 'ಕೊಂಬು' ಎಂಬ ನಾಮಪದಕ್ಕೂ ಧಾತು ಒಂದೇ. ಸಂತ ಜೆರೋಮ್ ತನ್ನ ಲ್ಯಾಟಿನ್ ಅನುವಾದದಲ್ಲಿ ಕೊಂಬನ್ನೇ ಹಿಡಿದ; 14ನೆಯ ಶತಮಾನದ ವಿಕ್ಲಿಫ್ ಬೈಬಲ್ಲಿನಲ್ಲಿಯೂ ಕೊಂಬೇ ಬಂತು. ಅದು ಲ್ಯಾಟಿನ್ನಿನಿಂದ ಇಳಿದ ಇಂಗ್ಲಿಷ್ ಆದುದರಿಂದ, ಸಾಕ್ಷಿಗಳು ಎರಡಾದರೂ ಕಂಡವನು ಒಬ್ಬನೇ. ಆದಕಾರಣ ಯಾವುದು ಯಾವುದರಿಂದ ಅನುವಾದಗೊಂಡಿತೆಂಬುದನ್ನು ಮುನ್ನುಡಿಯಲ್ಲಿ ಮೊದಲು ನೋಡಿಕೊಳ್ಳಬೇಕು. ಹೀಬ್ರೂವಿನಿಂದ ನೇರವಾಗಿ ಬಂದ ಹಳೆಯ ಗ್ರೀಕ್ ಅನುವಾದದಲ್ಲಿ ಕೊಂಬಿನ ಸುಳಿವಿಲ್ಲ. ಅಲ್ಲಿರುವುದು ಮುಖದ ತೇಜಸ್ಸು. ರೋಮಿನ ಚರ್ಚೊಂದರಲ್ಲಿ ಕುಳಿತಿರುವ, ಮೈಕೆಲಾಂಜೆಲೊ ಕಡೆದ ಮೋಶೆಯ ತಲೆಯ ಮೇಲೆ ಮಾತ್ರ ಎರಡು ಪುಟ್ಟ ಕೊಂಬುಗಳು ಇಂದಿಗೂ ಇವೆ.